ಅಡಿಗೆ ಒಬ್ಬರದು, ಕಪ್ಪ ಇನ್ನೊಬ್ಬರಿಗೆ

(ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಕೋಳಿ ಕರಿದು ಮಾರುವ ಪರದೇಶದ ಕಂಪೆನಿಗೂ ನಮ್ಮ ಸಭೆಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಯಾರು ಏನು ತಿನ್ನಬೇಕೆಂದು ವಿಧಿಸಲು ನಾವಿಲ್ಲಿ ಸೇರಿಲ್ಲ. ತಿಂದವನು ಕೊಟ್ಟ ಹಣ ಯಾರ ಕೈ ಸೇರುತ್ತದೆಂಬುದೇ ನಮ್ಮ ಪ್ರಶ್ನೆ.

ಅಮೆರಿಕದ ಕೆಂಟಕಿಯಲ್ಲಿ ಹಾರ್ಲಂಡ್ ಸ್ಯಾಂಡರ್ಸ್ ಎಂಬಾತ 1930ರಲ್ಲಿ ಪೆಟ್ರೋಲ್ ಬಂಕಿನಲ್ಲಿ ದಾರಿಹೋಕರಿಗೆ ಊಟ ಹಾಕತೊಡಗಿದ. ನಿಮ್ಮಂತೆಯೇ ಒಬ್ಬ ಸಣ್ಣ ವ್ಯಾಪಾರಿ. ಬೆಳೆದ ಕಂಪೆನಿಯನ್ನು 1964ರಲ್ಲಿ 20 ಲಕ್ಷ ಡಾಲರಿಗೆ ಮಾರಿದ. ಕೈಯಿಂದ ಕೈಗೆ ದಾಟಿ 1986ರಲ್ಲಿ ಅದು ಪೆಪ್ಸಿಕೋ ಪಾಲಾಯಿತು. ಪಿಜ್ಜಾ ಹಟ್ಟನ್ನು 1977ರಲ್ಲೂ ಟಾಕೋ ಬೆಲ್ಲನ್ನು 1978ರಲ್ಲೂ ಪೆಪ್ಸಿಕೋ ಆಗಲೇ ಕೊಂಡಿತ್ತು. 1997ರಲ್ಲಿ ಮೂರನ್ನೂ ಸೇರಿಸಿ ಬೇರೆ ಕಂಪೆನಿ ಮಾಡಿದರು. 2002ರಲ್ಲಿ ಅದಕ್ಕೆ ಯಮ್ ಬ್ರಾಂಡ್ಸ್ ಎಂಬ ಹೆಸರಾಯಿತು. ಬೋರ್ಡು ಮೂರು, ಒಡೆತನ ಒಂದು.

ಬಹುಪಾಲು ಅಂಗಡಿಗಳನ್ನು ಈ ಕಂಪೆನಿ ತಾನೇ ನಡೆಸುವುದಿಲ್ಲ. ಬಾಡಿಗೆ, ಒಲೆ, ಸಂಬಳ ಎಲ್ಲವೂ ಪರವಾನಿಗೆ ಪಡೆದವನ ತಲೆಯ ಮೇಲೆ. ಕಂಪೆನಿ ಕೊಡುವುದು ಹೆಸರು ಮತ್ತು ಕ್ರಮ. ಪಡೆಯುವುದು ಮಾರಾಟದಲ್ಲಿ ಪಾಲು. ಲಾಭದಲ್ಲಲ್ಲ, ಮಾರಾಟದಲ್ಲಿ! ನಷ್ಟದ ತಿಂಗಳಲ್ಲೂ ಕಪ್ಪ ತಪ್ಪದು. ಆ ನಷ್ಟವನ್ನು ತುಂಬಿಕೊಳ್ಳುವುದೆಲ್ಲಿ? ಆಳಿನ ಕೂಲಿಯಲ್ಲಿ, ಸರಕಿನ ಬೆಲೆಯಲ್ಲಿ.

ಈ ಸರಪಳಿಯ ಕಟ್ಟಕಡೆಯಲ್ಲಿದ್ದವರು ಫ್ಲಾರಿಡಾದ ಇಮ್ಮೊಕಾಲಿ ಊರಿನ ಟೊಮೆಟೊ ಕೀಳುವ ಕೂಲಿಗಳು. 32 ಪೌಂಡಿನ ಬಕೆಟ್ ತುಂಬಿದರೆ ಅವರಿಗೆ ಸಿಗುತ್ತಿದ್ದುದು ಸುಮಾರು 40-45 ಸೆಂಟು. ತೋಟದ ಮಾಲೀಕರು ಕೊಳ್ಳುವವರತ್ತ ಬೆರಳು ತೋರಿಸಿದರು. ಕೊಳ್ಳುವ ಕಂಪೆನಿ, ಇವರು ತನ್ನ ಆಳುಗಳಲ್ಲವೆಂದಿತು. 2001ರಲ್ಲಿ ಕೂಲಿಗಳು ಟಾಕೋ ಬೆಲ್ ಬಹಿಷ್ಕಾರಕ್ಕೆ ಕರೆಕೊಟ್ಟರು. ಪೌಂಡಿಗೆ ಒಂದೇ ಒಂದು ಸೆಂಟು ಹೆಚ್ಚು ಕೊಡಿ, ಅದು ಕೂಲಿಯವನಿಗೇ ಸೇರಲಿ ಎಂಬುದು ಅವರ ಬೇಡಿಕೆ. ಲೆಕ್ಕ ಹಾಕಿ ನೋಡಿ: ಬಕೆಟ್ಟಿಗೆ 32 ಸೆಂಟು! 2003ರಲ್ಲಿ ಟಾಕೋ ಬೆಲ್ ಕಚೇರಿಯೆದುರು ಉಪವಾಸ ಕುಳಿತರು. ವಿದ್ಯಾರ್ಥಿಗಳು ತಮ್ಮ ವಿದ್ಯಾಲಯಗಳಿಂದ ಆ ಅಂಗಡಿಯನ್ನು ಹೊರಹಾಕಿಸಲು ಹೋರಾಡಿದರು. 2005ರ ಮಾರ್ಚಿನಲ್ಲಿ ಕಂಪೆನಿ ಒಪ್ಪಿತು. 2007ರಲ್ಲಿ ಮೆಕ್‌ಡೊನಾಲ್ಡ್ಸ್, 2008ರಲ್ಲಿ ಬರ್ಗರ್ ಕಿಂಗ್ ಸಹ ಅದೇ ದಾರಿಗೆ ಬಂದವು.

ನಮ್ಮ ನಾಡಿಗೂ ಇದರ ನಂಟಿದೆ. ಕೆಂಟಕಿಯ ಈ ಕೋಳಿ ಅಂಗಡಿ 1995ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಗೆ ಬಂತು. 1996ರ ಜನವರಿ 30ರಂದು ರೈತ ಸಂಘದವರು ಅದಕ್ಕೆ ನುಗ್ಗಿ ಗಾಜು ಒಡೆದರು. ಮನುಷ್ಯನ ಧಾನ್ಯ ಕೋಳಿಗೆ ಮೇವಾಗಬೇಕೆ ಎಂಬ ರೈತರ ಪ್ರಶ್ನೆ ಹಗುರವಾದುದಲ್ಲ. ಆದರೆ ಒಡೆದ ಗಾಜು ಅಂಗಡಿಯನ್ನು ತಡೆಯಲಿಲ್ಲ; ಒಂದಿದ್ದುದು ನೂರಾರಾಯಿತು. ಇಮ್ಮೊಕಾಲಿಯವರು ಗಾಜಿಗೆ ಕೈಯಿಕ್ಕಲಿಲ್ಲ, ಕಂಪೆನಿಯ ಲೆಕ್ಕದ ಪುಸ್ತಕಕ್ಕೇ ಕೈಹಾಕಿದರು.

ಗುತ್ತಿಗೆದಾರನನ್ನು ಕೇಳು ಎನ್ನುವ ಗಿರಣಿ ಮಾಲೀಕನಿಗೂ ನಮ್ಮ ಉತ್ತರ ಇದೇ: ಬೆಲೆ ಕಟ್ಟುವವನು ಯಾರೋ ಹೊಣೆಯೂ ಅವನದೇ. ವ್ಯಾಪಾರಿ ಮಿತ್ರರೇ, ದೊಡ್ಡ ಹೆಸರಿನ ಬೋರ್ಡಿಗೆ ಸಹಿ ಹಾಕುವ ಮುನ್ನ ಪಾಲು ಯಾವುದರಲ್ಲೆಂದು ಓದಿಕೊಳ್ಳಿ. ನಿಮ್ಮ ಹೋಟೆಲಿನ ಹುಡುಗನ ಕೂಲಿಯನ್ನೂ ಮರೆಯಬೇಡಿ. ಅವನನ್ನು ಹಿಂಡಿ ಕಂಪೆನಿಯೊಡನೆ ಪೈಪೋಟಿ ಮಾಡಿದರೆ, ಗೆದ್ದವರು ನಾವಲ್ಲ, ಕಂಪೆನಿಯ ರೀತಿಯೇ ಗೆದ್ದಂತೆ.