ಫೈಲು ಪ್ರೆಸ್ಸಿಗೆ ಹೋಗುವ ಮುನ್ನ

(ಸಂಘದ ವಿದ್ಯಾರ್ಥಿ ಕಾರ್ಯಾಗಾರದಲ್ಲಿ ಮಾಡಿದ ಭಾಷಣದ ಬರಹ ರೂಪ)



ಲೆಟರ್‌ಹೆಡ್, ವಿಸಿಟಿಂಗ್ ಕಾರ್ಡ್, ಬ್ರೋಷರ್‌ಗಳ ಬಗ್ಗೆಯೂ ಒಂದು ಭಾಷಣವೇ ಎಂದು ತಮ್ಮಲ್ಲಿ ಕೆಲವರಿಗೆ ನಗು ಬಂದಿರಬಹುದು. ನನಗೂ ಹಿಂದೆ ಇದು ಡಿಟಿಪಿ ಅಂಗಡಿಯವರ ಕೆಲಸ ಎಂದೇ ಅನ್ನಿಸಿತ್ತು. ಆ ಅಭಿಪ್ರಾಯ ಬದಲಾದದ್ದು ಹೇಗೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ.

ಒಂದು ವರ್ಷ ವಿದ್ಯಾರ್ಥಿವೇತನದ ಮಾಹಿತಿ ಕೊಡಲು ಕನ್ನಡ ಮತ್ತು ಉರ್ದುವಿನಲ್ಲಿ ಒಂದು ಬ್ರೋಷರ್ ಮಾಡಿಸಿದೆವು. ಸಾವಿರ ಪ್ರತಿ. ಉರ್ದು ಭಾಗವನ್ನು ಟೈಪ್ ಮಾಡಿದ್ದು ನಾನೇ, ನಸ್ತಾಲೀಕ್ ಅಕ್ಷರದಲ್ಲಿ. ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಲಿಲ್ಲ. ಅದು ತನ್ನ ಪಾಡಿಗೆ ಯಾವುದೋ ನಸ್ಖ್ ಫಾಂಟನ್ನು ಹಾಕಿಕೊಂಡಿತು. ನಸ್ತಾಲೀಕ್ ಓರೆಯಾಗಿ ಒಂದರ ಮೇಲೊಂದು ಒತ್ತಿಕೊಂಡು ಕೂರುತ್ತದೆ, ನಸ್ಖ್ ಸಾಲಿನುದ್ದಕ್ಕೂ ಕಾಲು ಚಾಚುತ್ತದೆ. ಸಾಲುಗಳು ಹೆಚ್ಚಾಗಿ, ಕೊನೆಯ ಸಾಲು ಚೌಕಟ್ಟಿನಿಂದ ಹೊರಗೆ ಬಿದ್ದು ಕಾಣದೇ ಹೋಯಿತು. ಅದರಲ್ಲಿದ್ದದ್ದು ಅರ್ಜಿ ಸಲ್ಲಿಸುವ ಕೊನೆಯ ತಾರೀಖು.

ಪ್ರೆಸ್ಸಿನವರು ಪ್ರೂಫ್ ಕೊಟ್ಟಿದ್ದರು. ಕನ್ನಡದ ಕಡೆಯನ್ನು ಅಕ್ಷರ ಬಿಡದೆ ಓದಿದೆ. ಉರ್ದು ನಾನೇ ಬರೆದದ್ದಲ್ಲವೇ ಎಂದು ಮೇಲೆ ಮೇಲೆ ಕಣ್ಣಾಡಿಸಿ ಸಹಿ ಹಾಕಿದೆ. ಕನ್ನಡ ಬಲ್ಲ ಮನೆಗಳಿಗೆ ತಾರೀಖು ಗೊತ್ತಾಯಿತು. ಉರ್ದು ಮಾತ್ರ ಓದಬಲ್ಲ ತಾಯಂದಿರಿಗೆ ಗೊತ್ತಾಗಲಿಲ್ಲ. ಗಡುವು ಮುಗಿದ ಮೂರನೇ ದಿನ ಒಬ್ಬ ತಾಯಿ ಮಗಳ ಅಂಕಪಟ್ಟಿ ಹಿಡಿದುಕೊಂಡು ಬಂದರು. ನಾನು ತಡವಾಯಿತು ಎಂದಾಗ, ಬ್ರೋಷರನ್ನು ನನ್ನ ಮುಂದಿಟ್ಟು, "ಇದರಲ್ಲಿ ತಾರೀಖು ಎಲ್ಲಿದೆ, ತೋರಿಸಿ" ಎಂದರು. ಆ ಹುಡುಗಿಗೆ ಆ ವರ್ಷ ವಿದ್ಯಾರ್ಥಿವೇತನ ಸಿಗಲಿಲ್ಲ.

ಹಿಂದೆ ಈ ತೊಂದರೆ ಇರಲಿಲ್ಲ. ಕಾತಿಬರು ಕಲಮಿನಿಂದ ಬರೆದ ಹಾಳೆಯೇ ಕಲ್ಲಚ್ಚಿಗೆ, ಮುಂದೆ ಆಫ್‌ಸೆಟ್ ಪ್ಲೇಟಿಗೆ ಹೋಗುತ್ತಿತ್ತು. 1927ರಲ್ಲಿ ಆರಂಭವಾದ ಚೆನ್ನೈಯ 'ದಿ ಮುಸಲ್ಮಾನ್' ಪತ್ರಿಕೆ ಹೆಸರು ಮಾಡಿದ್ದೇ ಕೈಬರಹದಿಂದ. 1981ರಲ್ಲಿ ಪಾಕಿಸ್ತಾನದ ಮಿರ್ಜಾ ಅಹ್ಮದ್ ಜಮೀಲ್ ಅವರು ಮೊನೊಟೈಪ್ ಕಂಪನಿಯೊಂದಿಗೆ ಸೇರಿ 'ನೂರಿ ನಸ್ತಾಲೀಕ್' ಅಕ್ಷರಗಳನ್ನು ಯಂತ್ರಕ್ಕೆ ತಂದರು. 1990ರ ದಶಕದಲ್ಲಿ ಬಂದ ಇನ್‌ಪೇಜ್ ತಂತ್ರಾಂಶ ಅದನ್ನು ನಮ್ಮ ಊರುಗಳ ಅಂಗಡಿಗಳಿಗೂ ಮುಟ್ಟಿಸಿತು. ದೊಡ್ಡ ಉಪಕಾರವೇ ಆಯಿತು. ಆದರೆ ಕಾತಿಬರ ಹಾಳೆಯಲ್ಲಿ ಮಾತು ಮತ್ತು ಅದರ ರೂಪ ಒಂದೇ ಆಗಿದ್ದವು, ಕಂಪ್ಯೂಟರಿನಲ್ಲಿ ಅವೆರಡೂ ಬೇರೆ ಬೇರೆ. ಫೈಲಿನಲ್ಲಿ ಹೋಗುವುದು ಮಾತು, ರೂಪ ಕೊಡುವುದು ಫಾಂಟ್. ಫಾಂಟ್ ಹೋಗದಿದ್ದರೆ ರೂಪವೂ ಹೋಗುವುದಿಲ್ಲ.

ಕನ್ನಡದ ಪಾಡೂ ಬೇರೆಯಲ್ಲ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದು, ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗುತ್ತದೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದರೆ ಆ ಭಯವಿಲ್ಲ. ಆದರೆ ಪೇಜ್‌ಮೇಕರ್, ಹಳೆಯ ಕೋರಲ್ ಡ್ರಾಗಳಿಗೆ ಯೂನಿಕೋಡ್ ಕನ್ನಡದ ಒತ್ತಕ್ಷರ ಕಟ್ಟಲು ಬಾರದು. ಇನ್‌ಡಿಸೈನ್‌ಗೆ ಬರುತ್ತದೆ, 'ವರ್ಲ್ಡ್ ರೆಡಿ' ಕಂಪೋಸರ್ ಆಯ್ಕೆ ಮಾಡಿಕೊಂಡರೆ ಮಾತ್ರ.

ಆದ್ದರಿಂದ ಕೆಲಸ ಮುಗಿದ ಮೇಲೆ ಅಕ್ಷರಗಳನ್ನೆಲ್ಲ ಕರ್ವ್ಸ್ ಮಾಡಿ. ಆಗ ಅವು ಅಕ್ಷರಗಳಾಗಿ ಉಳಿಯದೆ ಗೆರೆಯ ಚಿತ್ರಗಳಾಗುತ್ತವೆ. ಕಾತಿಬರ ಹಾಳೆಯಂತೆಯೇ, ಯಾವ ಕಂಪ್ಯೂಟರಿನಲ್ಲಿ ತೆರೆದರೂ ಬದಲಾಗುವುದಿಲ್ಲ. ಇಲ್ಲವೇ ಫಾಂಟುಗಳನ್ನು ಒಳಗೇ ಸೇರಿಸಿದ ಪಿಡಿಎಫ್ ಮಾಡಿ ಕೊಡಿ. ಒಂದು ಎಚ್ಚರಿಕೆ: ಕರ್ವ್ಸ್ ಮಾಡಿದ್ದರಲ್ಲಿ ಮತ್ತೆ ಟೈಪ್ ಮಾಡಿ ತಿದ್ದಲು ಆಗದು. ಮೂಲ ಫೈಲನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ. ಮುಂದಿನ ವರ್ಷ ಕಾರ್ಯದರ್ಶಿಗಳು ಬದಲಾದಾಗ ಬೇಕಾಗುತ್ತದೆ!

ಇನ್ನು ಅಳತೆಯ ವಿಷಯ. ಎ4 ಹಾಳೆ 210 ಮಿ.ಮೀ. ಅಗಲ, 297 ಮಿ.ಮೀ. ಉದ್ದ. ಬಣ್ಣ ಅಂಚಿನವರೆಗೂ ಬರಬೇಕಾದರೆ ಸುತ್ತಲೂ 3 ಮಿ.ಮೀ. ಬ್ಲೀಡ್ ಬಿಡಬೇಕು. ಅಂದರೆ ಫೈಲು 216ಕ್ಕೆ 303 ಆಗುತ್ತದೆ. ಕಟಿಂಗ್ ಮೆಷಿನ್ ಕೂದಲೆಳೆ ಸರಿದರೂ ಬಿಳಿ ಗೆರೆ ಕಾಣಬಾರದೆಂದು ಈ ಏರ್ಪಾಡು. ಹಾಗೆಯೇ ಅಕ್ಷರಗಳು ಅಂಚಿನಿಂದ 5 ಮಿ.ಮೀ. ಆದರೂ ಒಳಗಿರಲಿ. ಲೆಟರ್‌ಹೆಡ್‌ನ ನೆತ್ತಿಯಲ್ಲಿ ಬಿಸ್ಮಿಲ್ಲಾಹ್ ಹಾಕುವವರು ಇದನ್ನು ಮರೆಯಲೇಬಾರದು. ಬೀದಿಯಲ್ಲಿ ಹಂಚಿ ಕಾಲಡಿ ಬೀಳುವ ಕರಪತ್ರದ ಮೇಲೆ ಅದನ್ನು ಹಾಕದಿರುವುದೇ ಅದಬು ಎಂದು ನನ್ನ ಅಭಿಪ್ರಾಯ. ಹಿರಿಯರು ಒಪ್ಪದಿದ್ದರೆ ಕ್ಷಮಿಸಬೇಕು.

ಮೂರು ಮಡಿಕೆಯ ಬ್ರೋಷರ್‌ನಲ್ಲಿ ನಾವು ಎಡವುವುದು ಇನ್ನೊಂದು ಕಡೆ. 297 ಮಿ.ಮೀ. ಅನ್ನು ಮೂರು ಸಮಭಾಗ ಮಾಡಿದರೆ ಒಳಗೆ ಮಡಚುವ ಭಾಗ ಉಬ್ಬುತ್ತದೆ. ಅದನ್ನು 97 ಮಾಡಿ, ಉಳಿದೆರಡನ್ನು 100 ಮಾಡಿ. ಕನ್ನಡದ ಬ್ರೋಷರ್ ಎಡದಿಂದ ತೆರೆಯುತ್ತದೆ, ಹೊರಮೈಯ ಬಲತುದಿಯಲ್ಲಿ ಮುಖಪುಟ, ಎಡತುದಿಯಲ್ಲಿ ಆ ಕಿರಿದಾದ ಭಾಗ. ಉರ್ದುವಿಗೆ ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವು. ಕನ್ನಡದ ಫೈಲಿನಲ್ಲೇ ಉರ್ದು ತುಂಬಿಸಿದರೆ ಓದುವವರು ಕೊನೆಯ ಪುಟದಿಂದ ಶುರು ಮಾಡಬೇಕಾಗುತ್ತದೆ. ಎರಡಕ್ಕೂ ಬೇರೆ ಬೇರೆ ಫೈಲು ಮಾಡುವುದೇ ಲೇಸು. ಮಾಡುವ ಮೊದಲು ಒಂದು ಬಿಳಿ ಹಾಳೆಯನ್ನು ಮಡಚಿ, ಪೆನ್ಸಿಲಿನಿಂದ ಪುಟಸಂಖ್ಯೆ ಹಾಕಿ ನೋಡಿ.

ಬಣ್ಣ. ಪರದೆಯ ಮೇಲೆ ಮಿಂಚುವ ನಮ್ಮ ಹಸಿರು ಕಾಗದದ ಮೇಲೆ ಮಂಕಾದಾಗ ಪ್ರೆಸ್ಸಿನವರನ್ನು ಬಯ್ಯುತ್ತೇವೆ. ಪರದೆಯದು ಬೆಳಕಿನ ಬಣ್ಣ, ಮುದ್ರಣದ್ದು ನಾಲ್ಕು ಶಾಯಿಗಳ ಮಿಶ್ರಣ. ಮೊದಲೇ ಸಿಎಂವೈಕೆಗೆ ಬದಲಾಯಿಸಿದರೆ ಬರಲಿರುವ ಹಸಿರಿನ ಅಂದಾಜು ಸಿಗುತ್ತದೆ. ಕಪ್ಪು ಅಕ್ಷರಕ್ಕೆ ಕಪ್ಪು ಶಾಯಿಯೊಂದೇ ಇರಲಿ, ನೂರು ಪ್ರತಿಶತ. ನಾಲ್ಕೂ ಬೆರೆತ ಕಪ್ಪಿನಲ್ಲಿ ಪ್ಲೇಟುಗಳು ಒಂದಿಷ್ಟು ಸರಿದರೆ ಸಣ್ಣ ಅಕ್ಷರ ಕದಡುತ್ತದೆ, ಉರ್ದುವಿನ ನುಕ್ತಾಗಳು ಮೊದಲು ಹಾಳಾಗುತ್ತವೆ. 'ಖುದಾ' ಮತ್ತು 'ಜುದಾ' ಪದಗಳಿಗೆ ಬರಹದಲ್ಲಿರುವ ವ್ಯತ್ಯಾಸ ಚುಕ್ಕೆ ಮೇಲಿದೆಯೋ ಕೆಳಗಿದೆಯೋ ಎಂಬುದಷ್ಟೇ, ಉರ್ದು ತರಗತಿಯವರಿಗೆ ಇದು ಗೊತ್ತು.

ಫೋಟೋ, ಲಾಂಛನಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಕಳಿಸಿದರೆ ಅವು ಕುಗ್ಗುತ್ತವೆ. ಡಾಕ್ಯುಮೆಂಟ್ ಆಗಿ ಕಳಿಸಿ. ಮುದ್ರಣಕ್ಕೆ 300 ಡಿಪಿಐ ಬೇಕು, ಅಂದರೆ 4 ಇಂಚು ಅಗಲದ ಫೋಟೋಗೆ 1200 ಪಿಕ್ಸೆಲ್. ಕಾಗದ ಲೆಟರ್‌ಹೆಡ್‌ಗೆ 80 ರಿಂದ 100 ಜಿಎಸ್‌ಎಂ ಬಾಂಡ್ ಇರಲಿ. ನುಣುಪಾದ ಆರ್ಟ್ ಪೇಪರ್ ಮೇಲೆ ಅಧ್ಯಕ್ಷರ ಸಹಿಯ ಶಾಯಿ ಒರೆಸಿಹೋದೀತು.

ಕೊನೆಗೆ ಪ್ರೂಫ್. ನಮ್ಮಲ್ಲಿ ಈಗ ಒಂದು ನಿಯಮವಿದೆ. ಟೈಪ್ ಮಾಡಿದವರು ಸಹಿ ಹಾಕುವಂತಿಲ್ಲ. ಕನ್ನಡಕ್ಕೊಬ್ಬರು, ಉರ್ದುವಿಗೊಬ್ಬರು, ಮೂಲ ಹಸ್ತಪ್ರತಿ ಪಕ್ಕದಲ್ಲಿಟ್ಟುಕೊಂಡು, ಪರದೆಯ ಮೇಲಲ್ಲ, ಕಾಗದದ ಮೇಲೆ ಗಟ್ಟಿಯಾಗಿ ಓದಬೇಕು. ತಾರೀಖು, ಫೋನ್ ನಂಬರ್, ನೋಂದಣಿ ಸಂಖ್ಯೆಗಳನ್ನು ಬೆರಳಿಟ್ಟು ಓದಬೇಕು.

ಈ ವರ್ಷದ ಬ್ರೋಷರ್‌ನ ಪ್ರೂಫ್ ಆ ಮೇಜಿನ ಮೇಲಿದೆ. ಉರ್ದು ಭಾಗ ಟೈಪ್ ಮಾಡಿದ್ದು ಮತ್ತೆ ನಾನೇ. ಊಟಕ್ಕೆ ಮುಂಚೆ ಉರ್ದು ಬಲ್ಲ ಇಬ್ಬರು ಬಂದು ಅದನ್ನು ನನಗೆ ಓದಿ ಹೇಳಬೇಕೆಂದು ಕೋರುತ್ತೇನೆ.