ಗಸಗಸೆಯ ಗುಣ, ಗಸಗಸೆಯ ಗಡಿ

ಕಡಬ ತಾಲೂಕಿನ ಪೆರಾಬೆಯ ಕಡೆ, ಅಡಿಕೆ ತೋಟಗಳ ನಡುವಣ ಮನೆಗಳಲ್ಲಿ ಔತಣಕ್ಕೆ ಗಸಗಸೆ ಪಾಯಸವಾದರೆ, ಉಂಡವರು ಜಗಲಿಯಲ್ಲಿ ಒರಗಿ ತೂಕಡಿಸುವುದುಂಟು. ಎಲ್ಲವೂ ಗಸಗಸೆಯ ಮಹಿಮೆಯೆಂದು ಹಿರಿಯರು ನಗುತ್ತಾರೆ. ನಿಜಕ್ಕೂ ಅದು ಬಹುಮಟ್ಟಿಗೆ ತುಂಬಿದ ಹೊಟ್ಟೆಯ ಮಹಿಮೆ. ಆದರೂ ಆ ಮಾತು ಪೂರ್ತಿ ನಿರಾಧಾರವಲ್ಲ.

ಪಾಯಸಕ್ಕೆ ತೆಂಗಿನಕಾಯಿ ಹಿತ್ತಲಿನದು. ಗಸಗಸೆ ಮಾತ್ರ ದೂರದ ಅತಿಥಿ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಕೇಂದ್ರ ಸರಕಾರದ ಪರವಾನಗಿ ಪಡೆದ ರೈತರು ಇದರ ಗಿಡ ಬೆಳೆಯುತ್ತಾರೆ. ಎಳೆಯ ಕಾಯಿಯನ್ನು ಗೀರಿದಾಗ ಒಸರುವ ಹಾಲು ಹೆಪ್ಪುಗಟ್ಟಿ ಅಫೀಮಾಗುತ್ತದೆ. ಅದೇ ಕಾಯಿ ಒಣಗಿದಾಗ ಒಳಗೆ ದೊರೆಯುವ ಕಾಳು ಗಸಗಸೆ. ಅಮಲು ಇರುವುದು ಹಾಲಿನಲ್ಲಿ. ಕೊಯ್ಲಿನ ವೇಳೆ ಅದರ ಅಂಶ ಕಾಳಿನ ಮೈಗೆ ಅಂಟಿಕೊಳ್ಳಬಹುದು. ಕಾಳನ್ನು ತೊಳೆದು ನೆನೆಸಿ ಆ ನೀರನ್ನು ಚೆಲ್ಲಿ, ನುಣ್ಣಗೆ ಅರೆದು ಬೇಯಿಸಿದರೆ ಅದು ಬಹಳಷ್ಟು ಕಡಿಮೆಯಾಗುತ್ತದೆ.

ಪುಷ್ಟಿಯಲ್ಲಿ ಈ ಕಾಳು ಬಡದಲ್ಲ. ನೂರು ಗ್ರಾಮಿನಲ್ಲಿ ಸುಮಾರು 18 ಗ್ರಾಂ ಸಸಾರಜನಕ, 40 ಗ್ರಾಮಿಗೂ ಮಿಕ್ಕು ಎಣ್ಣೆ, 1,400 ಮಿಲಿಗ್ರಾಮಿನಷ್ಟು ಸುಣ್ಣದ ಅಂಶ ಇದರಲ್ಲಿವೆ. ನಾವು ತಿನ್ನುವುದು ಒಂದೆರಡು ಚಮಚೆಯಷ್ಟೇ ಎಂಬುದೂ ನೆನಪಿರಲಿ. ಅಕ್ಕಿಯೊಡನೆ ಅರೆದರೆ ಪಾಯಸಕ್ಕೆ ಮೈ ಬರುತ್ತದೆ; ಕುರ್ಮ, ಸಾಗುಗಳು ಗಟ್ಟಿಯಾಗುತ್ತವೆ. ಅಂಟಿನುಂಡೆಗೂ ಕರ್ಜಿಕಾಯಿಯ ಹೂರಣಕ್ಕೂ ಹುರಿದ ಗಸಗಸೆ ಬೇಕು. ಬಂಗಾಳದಲ್ಲಿ ಇದನ್ನು ಅರೆದು ಆಲೂಗಡ್ಡೆಯೊಡನೆ ಬೇಯಿಸಿದ ಪಲ್ಯ ನಿತ್ಯದ ಊಟ.

ಮಿತಿ ಮೀರಿದಲ್ಲಿ ಅಪಾಯವಿದೆ. ತೊಳೆಯದ ಕಾಳನ್ನು ಹೇರಳವಾಗಿ ನೆನೆಸಿ, ಬಸಿದ ನೀರನ್ನು ಕುಡಿದು ಪ್ರಾಣ ಕಳೆದುಕೊಂಡವರು ಪರದೇಶಗಳಲ್ಲಿದ್ದಾರೆ. ಹಸುಗೂಸು ಮಲಗಲೆಂದು ಇದರ ಹಾಲು ಕುಡಿಸುವುದು ಸರ್ವಥಾ ಸಲ್ಲದು.

ಇನ್ನು ಕಾನೂನಿನ ಮಾತು. ನಮ್ಮ 1985ರ ಮಾದಕ ವಸ್ತುಗಳ ಕಾಯಿದೆ ಗಿಡದ ಉಳಿದ ಭಾಗಗಳನ್ನು ನಿರ್ಬಂಧಿಸಿ ಕಾಳನ್ನು ಬಿಟ್ಟಿದೆ. ಆದರೆ ಪರವಾನಗಿಯಿಲ್ಲದೆ ಅದನ್ನೇ ಬಿತ್ತಿ ಬೆಳೆಸಿದರೆ ಅಪರಾಧ. ಸೌದಿ ಅರೇಬಿಯಾ, ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿ ಕಾಳೂ ನಿಷಿದ್ಧ. ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಮಕ್ಕಳು ದುಡಿಯುತ್ತಿರುವುದು ಅಲ್ಲಿಯೇ. ಹಬ್ಬಕ್ಕೆ ಮಗ ಪಾಯಸ ಉಣ್ಣಲೆಂದು ತಾಯಿ ಪೆಟ್ಟಿಗೆಯಲ್ಲಿಟ್ಟ ಸಣ್ಣ ಪೊಟ್ಟಣವೊಂದು ಅವನನ್ನು ಸೆರೆಮನೆಗೆ ಒಯ್ಯಬಲ್ಲುದು. ಅಲ್ಲಿ ಅಕ್ಕರೆಯೆಂಬುದು ಸಮಜಾಯಿಷಿಯಾಗದು.

ಆದುದರಿಂದ ಮಗನಿಗೆ ಹಪ್ಪಳ ಕಟ್ಟಿಕೊಡೋಣ. ಗಸಗಸೆಯ ಡಬ್ಬಿ ಅಡುಗೆಮನೆಯಲ್ಲೇ ಇರಲಿ. ಅವನು ರಜೆಯಲ್ಲಿ ಊರಿಗೆ ಬಂದ ದಿನ ಪಾಯಸ ಮಾಡಿದರಾಯಿತು.