ವೀರರ ಸೊಂಟದ ಕತ್ತಿ



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತು ಕತ್ತಿಯ ವಿಷಯ ಮಾತನಾಡಲು ಹೊರಟವರನ್ನು ಕಂಡು ತಮ್ಮಲ್ಲಿ ಕೆಲವರಿಗೆ ನಗು ಬಂದಿರಬಹುದು. ಬರಬೇಕಾದದ್ದೇ. ಕಚೇರಿಗೆ ಹೋಗಿ ಬರುವ ನಮ್ಮಂಥವರಿಗೂ ಕತ್ತಿಗೂ ಇರುವ ನಂಟು ಭಾನುವಾರ ಬೆಳಗ್ಗೆ ಬದನೆಕಾಯಿ ಹೆಚ್ಚುವಷ್ಟರದು. ಅದೂ ಮನೆಯವರು ಎರಡು ಸಲ ಹೇಳಿದ ಮೇಲೆ. ಆದರೆ ಆಯುಧಪೂಜೆ ಕಳೆದು ಇನ್ನೂ ಬಹಳ ದಿನಗಳಾಗಿಲ್ಲ. ಆ ದಿನ ನಮ್ಮ ಹಿರಿಯರು ಖಡ್ಗವನ್ನೂ ಕುಡುಗೋಲನ್ನೂ ಈಳಿಗೆಮಣೆಯನ್ನೂ ಒಂದೇ ಕಡೆ ಇಟ್ಟು, ಒಂದೇ ಕುಂಕುಮವನ್ನು ಹಚ್ಚಿ ಪೂಜಿಸಿದರು. ರಾಜನ ಖಡ್ಗಕ್ಕೊಂದು ಮರ್ಯಾದೆ, ಅಡಿಗೆಮನೆಯ ಅಲಗಿಗೊಂದು ಮರ್ಯಾದೆ ಎಂದು ಅವರು ಬೇರೆ ಬೇರೆ ಮಾಡಲಿಲ್ಲ. ಇದರಲ್ಲಿ ಏನೋ ಒಂದು ತಿಳಿವಳಿಕೆ ಇರಬೇಕೆಂದು ನಮಗೆ ತೋರಿತು. ಆದ್ದರಿಂದ ಲೋಕದ ಹೆಸರಾಂತ ಪಡೆಗಳ ಯೋಧರು ಎಂಥ ಕತ್ತಿಯನ್ನು ಮೆಚ್ಚಿ ಸೊಂಟಕ್ಕೆ ಕಟ್ಟಿಕೊಂಡರು, ಏಕೆ ಮೆಚ್ಚಿದರು ಎಂಬುದನ್ನು ನಾಲ್ಕು ಉದಾಹರಣೆಗಳಿಂದ ತಮ್ಮ ಮುಂದಿಡಲು ಬಯಸುತ್ತೇವೆ.

ಮೊದಲನೆಯದು ಬ್ರಿಟಿಷ್ ಕಮಾಂಡೊಗಳ ಕಠಾರಿ. 1940ರ ಜೂನ್ ತಿಂಗಳು. ಡನ್‌ಕರ್ಕಿನಿಂದ ಬ್ರಿಟಿಷ್ ಸೇನೆ ಹಿಂದಿರುಗಿ ಬಂದಿತ್ತು. ಫ್ರಾನ್ಸು ಜರ್ಮನರ ವಶವಾಗುತ್ತಿತ್ತು. ರಾತ್ರಿಯ ಹೊತ್ತು ಸಮುದ್ರ ದಾಟಿ, ಶತ್ರುವಿನ ದಡಕ್ಕೆ ನುಗ್ಗಿ, ಕೆಲಸ ಮುಗಿಸಿ ಮರಳಿಬರುವ ಸಣ್ಣ ಪಡೆಗಳು ಬೇಕೆಂದು ಆಗ ಕಮಾಂಡೊ ದಳಗಳನ್ನು ಕಟ್ಟಿದರು. ಇವರಿಗೆ ಕೈಗೆ ಕೈ ಹತ್ತಿದ ಕಾಳಗವನ್ನು ಕಲಿಸಿದವರಲ್ಲಿ ವಿಲಿಯಂ ಫೇರ್‌ಬೇರ್ನ್ ಮತ್ತು ಎರಿಕ್ ಸೈಕ್ಸ್ ಎಂಬ ಇಬ್ಬರು ಮುಖ್ಯರು. ಇಬ್ಬರೂ ಚೀನಾದೇಶದ ಶಾಂಘೈ ನಗರದ ಪೊಲೀಸಿನಲ್ಲಿ ವರ್ಷಗಟ್ಟಲೆ ಇದ್ದು ಬಂದವರು. 1940ರ ನವೆಂಬರಿನಲ್ಲಿ ಅವರು ಲಂಡನ್ನಿನ ವಿಲ್ಕಿನ್‌ಸನ್ ಸ್ವೋರ್ಡ್ ಕಂಪನಿಯವರೊಡನೆ ಕುಳಿತು ಒಂದು ಕಠಾರಿಯ ರೂಪವನ್ನು ಗೊತ್ತುಮಾಡಿದರು. 1941ರ ಜನವರಿಯಲ್ಲಿ ಮೊದಲ ಕಠಾರಿಗಳು ತಯಾರಾಗಿ ಹೊರಬಂದವು.

ಈ ಕಠಾರಿ ನೋಡಲು ಬಲು ಸೊಗಸು. ಸುಮಾರು 7 ಅಂಗುಲದ ಅಲಗು, ಎರಡು ಕಡೆಗೂ ಧಾರೆ, ಸೂಜಿಯಂತೆ ಸಣ್ಣಗಾಗುತ್ತ ಹೋಗುವ ಮೊನೆ. ಕೈ ಒದ್ದೆಯಾದರೂ ಜಾರದಿರಲೆಂದು ಲೋಹದ ಹಿಡಿಗೆ ಗೆರೆ ಕೊರೆದಿದ್ದರು. ಕತ್ತಲಲ್ಲಿ ಸದ್ದಿಲ್ಲದೆ ಕಾವಲುಗಾರನನ್ನು ಮುಗಿಸುವುದು ಅದರ ಕೆಲಸ. ಆ ಒಂದು ಕೆಲಸಕ್ಕೆ ಅದಕ್ಕಿಂತ ಒಳ್ಳೆಯದನ್ನು ಮಾಡುವುದು ಕಷ್ಟವೆಂದೇ ಹೇಳಬಹುದು.

ಆದರೆ ಯೋಧನ ಜೀವನದಲ್ಲಿ ಅಂಥ ರಾತ್ರಿಗಳು ಎಷ್ಟು ಬಂದಾವು? ಉಳಿದ ದಿನಗಳಲ್ಲಿ ಅವನು ಡಬ್ಬಿ ತೆರೆಯಬೇಕು, ಪೆಟ್ಟಿಗೆಯ ಹಲಗೆ ಕೀಳಬೇಕು, ಹಗ್ಗ ಕತ್ತರಿಸಬೇಕು, ಒಲೆಗೆ ಪುಳ್ಳೆ ಸಿಗಿಯಬೇಕು. ಈ ಕೆಲಸಗಳಿಗೆ ಕೈಯಿಟ್ಟಾಗ ಆ ಚೆಲುವಾದ ಮೊನೆ ಮುರಿಯುತ್ತಿತ್ತು. ಯುದ್ಧ ಮುಗಿದ ಮೇಲೆ ಕಠಾರಿಗೆ ಬೇರೊಂದು ಬಗೆಯ ಬಾಳು ದೊರೆಯಿತು: ಅದು ಸೊಂಟದಿಂದ ತೋಳಿಗೆ, ಟೋಪಿಗೆ ಏರಿತು. ಬ್ರಿಟನ್ನಿನ ರಾಯಲ್ ಮೆರೀನ್ ಕಮಾಂಡೊಗಳ ತೋಳಿನ ಗುರುತು ಅದೇ. ಹಾಲೆಂಡಿನ ಕಮಾಂಡೊಗಳ ಟೋಪಿಯ ಬಿಲ್ಲೆಯಲ್ಲಿಯೂ ಅದೇ. ನಮ್ಮ ಭಾರತೀಯ ಸೇನೆಯ ಪ್ಯಾರಾಚೂಟ್ ವಿಶೇಷ ಪಡೆಯವರು ಧರಿಸುವ ಬಿಲ್ಲೆಯಲ್ಲಿ ರೆಕ್ಕೆಯುಳ್ಳ ಕಠಾರಿಯೊಂದಿದೆ. ಅದರ ಮೇಲೆ ದೇವನಾಗರಿಯಲ್ಲಿ ‘ಬಲಿದಾನ’ ಎಂದು ಬರೆದಿದೆ. ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರವಿರುವುದು ನಮ್ಮ ಬೆಂಗಳೂರಿನಲ್ಲಿ. ನಮ್ಮ ಬೆಳಗಾವಿಯಲ್ಲಿ ಸೇನೆಯ ಕಮಾಂಡೊ ಶಿಕ್ಷಣ ನಡೆಯುತ್ತದೆ. ಆ ಕಠಿನ ಶಿಕ್ಷಣವನ್ನು ಮುಗಿಸಿದವರ ಎದೆಗೂ ಕಠಾರಿಯ ಗುರುತು ಬರುತ್ತದೆ. ಈ ಬಿಲ್ಲೆಗಳನ್ನು ಪಡೆಯಲು ಮೈಯ ಬೆವರನ್ನೂ ಕೆಲವೊಮ್ಮೆ ಪ್ರಾಣವನ್ನೂ ತೆತ್ತ ತರುಣರಿದ್ದಾರೆ. ಅದಕ್ಕೆ ನಾವು ತಲೆಬಾಗುತ್ತೇವೆ. ಆದರೂ ಅದು ಗುರುತಾಗಿ ಬೆಳಗಿದಷ್ಟು ಕೈಯಲ್ಲಿ ಸವೆಯಲಿಲ್ಲವೆಂಬ ಮಾತನ್ನು ಇಲ್ಲಿ ನೆನಪಿಡಬೇಕು.

ಎರಡನೆಯದು ಅಮೆರಿಕದ ಮೆರೀನ್ ದಳದ ಚಾಕು. 1942ರಲ್ಲಿ ಪೆಸಿಫಿಕ್ ಸಾಗರದ ದ್ವೀಪಗಳಲ್ಲಿ ಜಪಾನೀಯರೊಡನೆ ಕಾದಲು ಅಮೆರಿಕನ್ನರು ಮೆರೀನ್ ರೇಡರ್ ಎಂಬ ಆಯ್ದ ದಳಗಳನ್ನು ಕಟ್ಟಿದರು. ಬ್ರಿಟಿಷರ ಕಠಾರಿಯನ್ನೇ ಮಾದರಿಯಾಗಿಟ್ಟುಕೊಂಡು ಇವರಿಗೂ ತೆಳ್ಳನೆಯ ಒಂದು ಕಠಾರಿಯನ್ನು ಮಾಡಿಸಿಕೊಟ್ಟರು. ಕಾಡಿನೊಳಗೆ ಹೊಕ್ಕ ಮೇಲೆ ಅದೇ ಕಥೆ. ಬೇರು ಕಡಿಯಲು ಹೋದರೆ ಅಲಗು ತಡೆಯದು. ಡಬ್ಬಿ ತೆರೆಯಲು ಹೋದರೆ ಮೊನೆ ನಿಲ್ಲದು.

ಅದೇ ವರ್ಷದ ನವೆಂಬರಿನಲ್ಲಿ ಮೆರೀನ್ ದಳದವರು ಇನ್ನೊಂದು ಚಾಕುವನ್ನು ಒಪ್ಪಿಕೊಂಡರು. ನ್ಯೂಯಾರ್ಕ್ ಸಂಸ್ಥಾನದ ಓಲಿಯನ್ ಎಂಬ ಊರಿನ ಯೂನಿಯನ್ ಕಟ್ಲರಿ ಕಂಪನಿಯವರೂ ಬೇರೆ ಕೆಲವು ಕಾರ್ಖಾನೆಯವರೂ ಅದನ್ನು ತಯಾರಿಸಿದರು. ಯೂನಿಯನ್ ಕಂಪನಿಯ ಮುದ್ರೆ ‘ಕಾ-ಬಾರ್’ ಎಂದಿದ್ದುದರಿಂದ, ಯಾರು ಮಾಡಿದ್ದಾದರೂ ಸರಿಯೆ, ಸೈನಿಕರ ಬಾಯಲ್ಲಿ ಅದು ಕಾ-ಬಾರ್ ಚಾಕುವಾಯಿತು. ಇದರ ಅಲಗೂ 7 ಅಂಗುಲವೇ. ಆದರೆ ದಪ್ಪ, ಗಟ್ಟಿ. ತೊಗಲಿನ ಬಿಲ್ಲೆಗಳನ್ನು ಒಂದರ ಮೇಲೊಂದು ಪೋಣಿಸಿ ಒತ್ತಿ ಮಾಡಿದ ಹಿಡಿ. ಸರಕಾರಿ ಕಾಗದದಲ್ಲಿಯೇ ಇದನ್ನು ಕಾಳಗಕ್ಕೂ ಕೆಲಸಕ್ಕೂ ಆಗುವ ಚಾಕು ಎಂದು ಕರೆದರು. ಯೋಧನು ಇದರಿಂದ ಹಳ್ಳ ತೋಡಿದನು, ತಂತಿ ಕತ್ತರಿಸಿದನು, ಡೇರೆಯ ಗೂಟ ಹೊಡೆದನು, ಊಟದ ಡಬ್ಬಿ ತೆರೆದನು. ಸಮಯ ಬಂದಾಗ ಪ್ರಾಣವನ್ನೂ ಉಳಿಸಿಕೊಂಡನು. ರೇಡರುಗಳೂ ಚೆಲುವಾದ ಕಠಾರಿಯನ್ನು ಬದಿಗಿಟ್ಟು ಈ ಒರಟು ಚಾಕುವನ್ನೇ ಮೆಚ್ಚಿದರು. ಈ ಚಾಕು ಇಂದಿಗೂ ತಯಾರಾಗುತ್ತಿದೆ.

ಮೂರನೆಯದು ನಮಗೆಲ್ಲ ಪರಿಚಿತವಾದ ಖುಕುರಿ. ದೆಹಲಿಯಲ್ಲಿರುವ ನಾವು ಗೂರ್ಖಾ ಸೈನಿಕರು ಓರೆಯಾದ ಟೋಪಿ ಧರಿಸಿ ಜನವರಿ 26ರ ಮೆರವಣಿಗೆಯಲ್ಲಿ ಸಾಗುವುದನ್ನು ಕಂಡಿದ್ದೇವೆ. 1814ರಿಂದ 1816ರವರೆಗೆ ನಡೆದ ಯುದ್ಧದಲ್ಲಿ ನೇಪಾಳದ ಯೋಧರ ಪೌರುಷವನ್ನು ಕಂಡ ಈಸ್ಟ್ ಇಂಡಿಯಾ ಕಂಪನಿಯವರು, ಯುದ್ಧ ಮುಗಿಯುವ ಮೊದಲೇ, 1815ರಲ್ಲಿ, ಅವರನ್ನು ತಮ್ಮ ಸೇನೆಗೆ ಸೇರಿಸಿಕೊಳ್ಳತೊಡಗಿದರು. 1947ರಲ್ಲಿ ಹತ್ತು ಗೂರ್ಖಾ ರೆಜಿಮೆಂಟುಗಳಲ್ಲಿ ಆರು ಭಾರತಕ್ಕೂ ನಾಲ್ಕು ಬ್ರಿಟನ್ನಿಗೂ ಹಂಚಿಕೆಯಾದುವು. ಯಾವ ಪಾಲಿಗೆ ಹೋದರೂ ಖುಕುರಿ ಮಾತ್ರ ಅವರ ಜೊತೆಗೇ ಹೋಯಿತು.

ಖುಕುರಿಯನ್ನು ಒಮ್ಮೆ ಒರೆಯಿಂದ ಹಿರಿದರೆ ರಕ್ತ ತೋರಿಸದೆ ಒಳಗೆ ಇಡಕೂಡದೆಂಬ ಕಥೆಯನ್ನು ನಾವೆಲ್ಲ ಚಿಕ್ಕಂದಿನಲ್ಲಿ ಕೇಳಿದ್ದೇವೆ. ಇದು ಬರಿಯ ಕಥೆ. ನಿಜವಾಗಿಯೂ ಹಾಗಿದ್ದರೆ ನೇಪಾಳದ ಮನೆಗಳಲ್ಲಿ ಸೊಪ್ಪು ಹೆಚ್ಚುವುದು ಹೇಗೆ? ಸೌದೆ ಸೀಳುವುದಕ್ಕೆ, ಬಿದಿರು ಕಡಿಯುವುದಕ್ಕೆ, ಪೊದೆ ಸವರುವುದಕ್ಕೆ, ಹಬ್ಬದ ಅಡಿಗೆಗೆ, ಎಲ್ಲಕ್ಕೂ ಅಲ್ಲಿ ಅದೇ ಕತ್ತಿ. ಹಳ್ಳಿಯ ಹುಡುಗನು ಸೈನ್ಯಕ್ಕೆ ಸೇರುವ ಮೊದಲೇ ಅದರ ತೂಕ ಅವನ ಮಣಿಕಟ್ಟಿಗೆ ಗೊತ್ತಿರುತ್ತದೆ. ಅಲಗಿನ ಭಾರವೆಲ್ಲ ಮುಂದುಗಡೆ ಇರುವುದರಿಂದ ಏಟು ತಾನಾಗಿ ಬೀಳುತ್ತದೆ. ಒಳಕ್ಕೆ ಬಾಗಿರುವುದರಿಂದ ಏಟು ಬಿದ್ದಂತೆಯೇ ಕೊಯ್ದುಕೊಂಡು ಹೋಗುತ್ತದೆ. ಒರೆಯಲ್ಲಿ ಖುಕುರಿಯ ಬೆನ್ನಿಗೆ ಎರಡು ಮರಿಗಳಿರುತ್ತವೆ. ಒಂದು ಕರ್ದಾ, ಸಣ್ಣ ಕೆಲಸದ ಚಾಕು. ಇನ್ನೊಂದು ಚಕ್ಮಕ್, ಧಾರೆಯಿಲ್ಲದ್ದು. ಖುಕುರಿಯ ಧಾರೆಯನ್ನು ಸರಿಪಡಿಸುವುದಕ್ಕೂ ಕಲ್ಲಿಗೆ ಹೊಡೆದು ಕಿಡಿ ಎಬ್ಬಿಸುವುದಕ್ಕೂ ಬರುತ್ತದೆ.

ಅದನ್ನು ಮಾಡುವ ಬಗೆಯನ್ನೂ ಎರಡು ಮಾತಿನಲ್ಲಿ ಹೇಳಬೇಕು. ನೇಪಾಳದ ಕಮ್ಮಾರರಿಗೆ ಕಾಮಿಗಳೆಂದು ಹೆಸರು. ಇಂದಿನ ದಿನಗಳಲ್ಲಿ ಅವರು ಹಳೆಯ ಲಾರಿಗಳ ಸ್ಪ್ರಿಂಗ್ ಪಟ್ಟಿಯನ್ನೇ ಕುಲುಮೆಯಲ್ಲಿ ಕಾಯಿಸಿ ಖುಕುರಿ ಬಡಿಯುವುದುಂಟು. ಕೊನೆಗೆ ಕೆಂಪಗೆ ಕಾದ ಅಲಗನ್ನು ಪೂರ್ತಿಯಾಗಿ ನೀರಿಗೆ ಅದ್ದದೆ, ಕೊಳವೆಯ ಪಾತ್ರೆಯಿಂದ ಧಾರೆಯ ಉದ್ದಕ್ಕೆ ಮಾತ್ರ ನೀರು ಹೊಯ್ಯುತ್ತಾರೆ. ಹೀಗೆ ಧಾರೆ ಗಡುಸಾಗುತ್ತದೆ, ಬೆನ್ನು ಮೆದುವಾಗಿ ಉಳಿಯುತ್ತದೆ. ಗಡುಸಾದದ್ದು ಕಡಿಯುತ್ತದೆ, ಮೆದುವಾದದ್ದು ಮುರಿಯದಂತೆ ಕಾಯುತ್ತದೆ. ಉಕ್ಕು ಯಾವ ಲಾರಿಯದಾದರೂ ಆಗಲಿ, ಹದ ಮಾತ್ರ ಕಾಮಿಯ ಮನೆಯದು.

2010ರ ಸೆಪ್ಟೆಂಬರಿನಲ್ಲಿ ಬಿಷ್ಣು ಶ್ರೇಷ್ಠ ಎಂಬ ಗೂರ್ಖಾ ಸೈನಿಕರು ಸೇನೆಯ ಕೆಲಸ ಬಿಟ್ಟು ರೈಲಿನಲ್ಲಿ ಊರಿಗೆ ಹೋಗುತ್ತಿದ್ದರು. ಪಶ್ಚಿಮ ಬಂಗಾಳದಲ್ಲಿ ದರೋಡೆಗಾರರ ದೊಡ್ಡ ಗುಂಪು ಡಬ್ಬಿಗೆ ನುಗ್ಗಿ, ಒಬ್ಬ ಹುಡುಗಿಯ ಮೇಲೆ ಕೈಮಾಡಿದಾಗ, ಅವರು ಜೊತೆಯಲ್ಲಿದ್ದ ಖುಕುರಿಯನ್ನು ಹಿರಿದು ಒಬ್ಬರೇ ಎದುರಿಸಿ ಓಡಿಸಿದರು. ತಮ್ಮ ಕೈಗೆ ದೊಡ್ಡ ಗಾಯವನ್ನೂ ತಂದುಕೊಂಡರು. ಸರಕಾರ ಅವರಿಗೆ ಸೇನಾ ಪದಕವನ್ನಿತ್ತಿತು. ಊರಿಗೆ ರೈಲಿನಲ್ಲಿ ಹೋಗುವಾಗ ನಾವು ಮಕ್ಕಳಿಗೆ ಬುತ್ತಿ ಕಟ್ಟಿಕೊಳ್ಳುವಂತೆ, ಅವರು ಖುಕುರಿಯನ್ನು ಕಟ್ಟಿಕೊಂಡಿದ್ದರು. ಜೊತೆಗಿದ್ದುದರಿಂದ ಒದಗಿತು, ಗೋಡೆಯ ಮೇಲೆ ತೂಗುಹಾಕಿದ್ದರೆ ಒದಗುತ್ತಿರಲಿಲ್ಲ.

ಗೂರ್ಖಾ ಪಡೆಗಳ ಟೋಪಿಯ ಬಿಲ್ಲೆಯಲ್ಲಿಯೂ ಎರಡು ಖುಕುರಿಗಳು ಒಂದರ ಮೇಲೊಂದು ಅಡ್ಡವಾಗಿ ನಿಂತಿವೆ. ಬ್ರಿಟಿಷ್ ಸೇನೆಯ ಗೂರ್ಖಾ ಯೋಧನಿಗೆ ಎರಡು ಖುಕುರಿಗಳನ್ನು ಕೊಡುತ್ತಾರಂತೆ: ಒಂದು ಕವಾಯತಿನ ದಿನಕ್ಕೆ, ಒಂದು ಕಾಡಿನ ಕೆಲಸಕ್ಕೆ. ಮೆರೆಸುವುದೂ ಅದನ್ನೇ, ಸವೆಸುವುದೂ ಅದನ್ನೇ.

ನಾಲ್ಕನೆಯ ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. 1956ರ ನವೆಂಬರ್ 1ರಂದು ನಮ್ಮೊಡನೆ ಒಂದಾದ ಕೊಡಗಿಗೆ ಹೋದರೆ ಸಾಕು. ಸ್ವತಂತ್ರ ಭಾರತದ ಸೇನೆಗೆ ಮೊದಲ ಭಾರತೀಯ ಮಹಾದಂಡನಾಯಕರಾಗಿ 1949ರ ಜನವರಿ 15ರಂದು ಅಧಿಕಾರ ವಹಿಸಿಕೊಂಡ ಕಾರ್ಯಪ್ಪನವರ ನಾಡು ಅದು. ಜನರಲ್ ತಿಮ್ಮಯ್ಯನವರ ನಾಡು ಅದು. ಕೊಡವರು ಹಬ್ಬ ಮದುವೆಗಳಲ್ಲಿ ಕಪ್ಪು ಕುಪ್ಯ ತೊಟ್ಟು, ಕೆಂಪು ಚೇಲೆಯನ್ನು ಸೊಂಟಕ್ಕೆ ಬಿಗಿದು, ಮುಂದುಗಡೆ ಬೆಳ್ಳಿಯ ಕೆಲಸದ ಪೀಚೆಕತ್ತಿಯನ್ನು ಸಿಕ್ಕಿಸಿಕೊಳ್ಳುತ್ತಾರೆ. ಇದು ಸಿಂಗಾರದ ಕತ್ತಿಯೆಂದು ನೋಡಿದೊಡನೆ ಹೇಳಬಹುದು. ಇನ್ನೊಂದು ಒಡಿಕತ್ತಿ. ಅಗಲವಾದ, ಭಾರವಾದ, ಕುಡುಗೋಲಿನಂತೆ ಒಳಕ್ಕೆ ಬಾಗಿದ ಅಲಗು. ಸೊಂಟದ ಹಿಂದೆ ತೊಡಂಗ್ ಎಂಬ ಲೋಹದ ಕೊಂಡಿಯಲ್ಲಿ ಅದನ್ನು ಧರಿಸುತ್ತಾರೆ. ಖುಕುರಿಯನ್ನೂ ಒಡಿಕತ್ತಿಯನ್ನೂ ಪಕ್ಕದಲ್ಲಿಟ್ಟು ನೋಡಿದರೆ, ಬೆಟ್ಟಕಾಡಿನಲ್ಲಿ ದಾರಿ ಬಿಡಿಸಿಕೊಂಡು ಬಾಳಿದ ಎರಡು ಜನಾಂಗಗಳು ಬೇರೆ ಬೇರೆಯಾಗಿಯೇ ಒಂದೇ ಬಗೆಯ ಬಾಗನ್ನು ಕಂಡುಕೊಂಡುವೆಂದು ನಮಗೆ ತೋರುತ್ತದೆ. ಕೊಡವರ ಮದುವೆಯಲ್ಲಿ ನಿಲ್ಲಿಸಿದ ಬಾಳೆಯ ದಿಂಡನ್ನು ಈ ಒಡಿಕತ್ತಿಯಿಂದ ಒಂದೇ ಏಟಿಗೆ ಕಡಿಯುವ ಸಂಪ್ರದಾಯ ಇಂದಿಗೂ ನಡೆದು ಬಂದಿದೆ. ಗದ್ದೆಯ ನಾಟಿ ಮುಗಿದ ಮೇಲೆ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧಗಳಿಗೆ ಹೂ ಮುಡಿಸಿ ಪೂಜಿಸುತ್ತಾರೆ; ಉತ್ತು ದಣಿದ ಎತ್ತುಗಳಿಗೂ ನೇಗಿಲಿಗೂ ಅಂದು ವಿಶ್ರಾಂತಿ, ಮರ್ಯಾದೆ. ನಮ್ಮ ಆಯುಧಪೂಜೆಯಲ್ಲಿ ಖಡ್ಗದ ಪಕ್ಕದಲ್ಲಿ ಕುಡುಗೋಲು ಏಕಿತ್ತೆಂದು ಮೊದಲು ಕೇಳಿದೆವಲ್ಲ, ಅದಕ್ಕೆ ಉತ್ತರ ಇಲ್ಲಿದೆ. ದಿನವೂ ಕೈಯಲ್ಲಿದ್ದು ಅನ್ನ ದುಡಿದ ಅಲಗೇ ಆಪತ್ತಿನಲ್ಲಿಯೂ ಕೈಗೆ ಬರುವುದೆಂದು ಹಿರಿಯರು ಬಲ್ಲವರಾಗಿದ್ದರು.

ಇದನ್ನು ರಾಜ್ಯೋತ್ಸವದ ದಿನ ಏಕೆ ಹೇಳಿದೆವೆಂಬುದು ಇಷ್ಟರಲ್ಲಿ ತಮಗೆ ಹೊಳೆದಿರಬಹುದು. ಊರು ಬಿಟ್ಟು ಬಂದ ನಮಗೆ ಇಲ್ಲಿ ಕಟ್ಟಿಕೊಂಡು ತಿರುಗಲು ಇರುವುದು ಒಂದೇ. ಅದು ನಮ್ಮ ನುಡಿ. ಈ ದಿನ ಎಲ್ಲರ ಎದೆಯ ಮೇಲೂ ಹಳದಿ ಕೆಂಪಿನ ಬಿಲ್ಲೆಯಿದೆ. ಮಕ್ಕಳು ಚೆನ್ನಾಗಿ ಹಾಡಿದರು, ನಮಗೆಲ್ಲ ಸಂತೋಷವಾಯಿತು. ಆದರೆ ನಾಳೆ ಬೆಳಗ್ಗೆ ಆ ಮಗು ಉಪ್ಪಿನಕಾಯಿ ಬೇಕೆಂದು ಯಾವ ನುಡಿಯಲ್ಲಿ ಕೇಳುತ್ತದೆ? ತಮ್ಮನೊಡನೆ ಜಗಳವಾಡುವಾಗ ಯಾವ ಮಾತು ಬಾಯಿಗೆ ಬರುತ್ತದೆ? ಊರಿನಿಂದ ಅಜ್ಜಿ ಫೋನು ಮಾಡಿದರೆ ‘ಹೂಂ’ ಎಂಬುದರಾಚೆಗೆ ಎಷ್ಟು ದೂರ ಹೋಗುತ್ತದೆ? ವರ್ಷಕ್ಕೊಂದು ದಿನ ಒರೆಯಿಂದ ತೆಗೆಯುವ ನುಡಿ ಎಷ್ಟೇ ಚೆಲುವಾಗಿದ್ದರೂ ಕೆಲಸಕ್ಕೆ ಹಚ್ಚಿದಾಗ ಅದರ ಮೊನೆ ಮುರಿಯುತ್ತದೆ.

ನಮ್ಮ ತಾಯಂದಿರಲ್ಲಿ ಕೆಲವರು, ತಮ್ಮ ಕನ್ನಡದಲ್ಲಿ ಹಿಂದಿ ಸೇರಿಹೋಗಿದೆ, ಇಂಗ್ಲಿಷು ಸೇರಿಹೋಗಿದೆ, ಮಕ್ಕಳಿಗೆ ಅದನ್ನೇ ಕಲಿಸುವುದು ಹೇಗೆಂದು ಸಂಕೋಚಪಡುವುದನ್ನು ಕೇಳಿದ್ದೇವೆ. ಅಮ್ಮಂದಿರೆ, ಅಕ್ಕಂದಿರೆ, ಸಂಕೋಚ ಬೇಡ. ‘ಸಬ್ಜಿ ತಂದಿದ್ದೀಯೇನೋ’ ಎಂದರೂ ಅದು ಕನ್ನಡವೇ. ಸ್ಪ್ರಿಂಗ್ ಪಟ್ಟಿಯ ಉಕ್ಕು ಎಲ್ಲಿಯದೆಂದು ಕಾಮಿ ಕೇಳುವುದಿಲ್ಲ. ತನ್ನ ಮನೆಯ ಹದ ಕೊಡುತ್ತಾನೆ. ತಾವೂ ಹದ ಕೊಡಿ. ಗದರಿಸುವುದು, ಮುದ್ದಿಸುವುದು, ಲೆಕ್ಕ ಕೇಳುವುದು, ಕಥೆ ಹೇಳುವುದು ಕನ್ನಡದಲ್ಲಿ ನಡೆಯಲಿ. ಓದು ಬರಹದ ಸಾಣೆಯನ್ನು ಭಾನುವಾರದ ಹೊತ್ತು ಸಂಘದವರು ಹಿಡಿಯೋಣ.

ಬಿಲ್ಲೆಯನ್ನು ತೆಗೆದಿಡಿ ಎಂದು ನಾವು ಹೇಳುತ್ತಿಲ್ಲ. ಗೂರ್ಖಾ ಯೋಧನಂತೆ ಎರಡನ್ನೂ ಇಟ್ಟುಕೊಳ್ಳೋಣ. ಮೆರವಣಿಗೆಯ ದಿನಕ್ಕೆ ಒಂದು ಇರಲಿ. ಉಳಿದ 364 ದಿನಗಳ ಕೆಲಸಕ್ಕೆ ಇನ್ನೊಂದು ಕೈಯಲ್ಲಿರಲಿ.

 ಹೊರಗೆ ಬಿಸಿಬೇಳೆಭಾತು ಸಿದ್ಧವಾಗಿದೆಯೆಂದು ಕಾರ್ಯದರ್ಶಿಗಳು ಕೈಸನ್ನೆ ಮಾಡುತ್ತಿದ್ದಾರೆ. ಇನ್ನೊಂದು ಬಟ್ಟಲು ಬೇಕಾದವರು ದಯವಿಟ್ಟು ಕನ್ನಡದಲ್ಲಿಯೇ ಕೇಳಬೇಕು.

ಜಯ ಕರ್ನಾಟಕ.